ಬೆನ್ನ ಹಿಂದೆ ಓಡುವವಳು

ಮೊದಲೇ ಹೇಳಿಬಿಡುತ್ತೇನೆ, ಒಕ್ಲಹೋಮಾದಲ್ಲಿ ನನ್ನ ಕೈಗಿಂತ ಜೋರಾಗಿ ಬೀಸುವುದು ಒಂದೇ ಒಂದು, ಸುಂಟರಗಾಳಿ. ಅದೂ ಎಲ್ಲ ವರ್ಷ ಅಲ್ಲ. ನಾನು ಮೈದಾನದ ತುದಿಯ ಬೇಲಿಯ ಬುಡದಿಂದ ಎಸೆದ ಚೆಂಡು, ಬ್ಯಾಟ್ ಹಿಡಿದವರು ನಿಲ್ಲುವ ಹೋಮ್ ಪ್ಲೇಟನ್ನು ಎಷ್ಟು ಬೇಗ ಮುಟ್ಟುತ್ತಿತ್ತೆಂದರೆ, ನಮ್ಮ ಕ್ಯಾಚರ್ ಅದನ್ನು ಹಿಡಿದು, ಬೆವರು ಒರೆಸಿಕೊಂಡು, ಗ್ಯಾಲರಿಯಲ್ಲಿ ಕೂತ ಗಂಡನಿಗೆ ಕೈಬೀಸಿ, ಆಮೇಲೆ ರನ್ನಿಗೆ ಓಡಿಬರುತ್ತಿದ್ದ ಎದುರಾಳಿಯನ್ನು ನಿಧಾನವಾಗಿ ಔಟ್ ಮಾಡುತ್ತಿದ್ದಳು. ನಂಬದವರು ಹಾರ್ಲನ್ ಕ್ರೀಕಿಗೆ ಬಂದು ಯಾರನ್ನಾದರೂ ಕೇಳಿ. ಆ ಊರಲ್ಲಿ ಸುಳ್ಳು ಹೇಳುವವರಿಲ್ಲ, ನನ್ನೊಬ್ಬಳನ್ನು ಬಿಟ್ಟರೆ.

ನಾನು ಲೇಸಿ ಹಬ್ಬರ್ಡ್. ಹಾರ್ಲನ್ ಕ್ರೀಕ್ ಹಾರ್ನೆಟ್ಸ್ ತಂಡದ ಲೆಫ್ಟ್ ಫೀಲ್ಡರ್. ಸಂಬಳ ತೆಗೆದುಕೊಂಡು ಸಾಫ್ಟ್‌ಬಾಲ್ ಆಡುವ ಹೆಂಗಸರನ್ನೆಲ್ಲ ಈ ದೇಶದಲ್ಲಿ ಗುಡ್ಡೆ ಹಾಕಿದರೆ ನಾಲ್ಕು ಬಸ್ಸು ತುಂಬುವುದು ಕಷ್ಟ. ಆದರೆ ಆ ಬಸ್ಸುಗಳಲ್ಲಿ ಕಿಟಕಿ ಪಕ್ಕದ ಸೀಟು ಯಾವಾಗಲೂ ನನಗೇ. ಬೇಸಿಗೆಯಲ್ಲಿ ಆಟ, ಮಿಕ್ಕ ತಿಂಗಳು ಟೈರ್ ಅಂಗಡಿಯಲ್ಲಿ ಕೆಲಸ. ಚಿಕ್ಕವಳಿದ್ದಾಗ ಅಪ್ಪನ ಗೋಧಿ ಕಣಜದ ತಗಡಿನ ಗೋಡೆಗೆ ಚೆಂಡು ಎಸೆದೂ ಎಸೆದೂ ತೂತು ಮಾಡಿದ್ದೆ. ಆ ತೂತಿನಿಂದ ಸುರಿದ ಗೋಧಿ ತಿಂದು ನಮ್ಮೂರಿನ ಪಾರಿವಾಳಗಳು ಹಾರಲಾರದಷ್ಟು ದಪ್ಪಗಾದವು. ಬಸ್ಸಿಗೆ ಕಾಯುತ್ತಿದ್ದವು ಅನ್ನುವವರೂ ಇದ್ದಾರೆ. ಅಷ್ಟು ನಾನು ಹೇಳುವುದಿಲ್ಲ.

ಇಷ್ಟೆಲ್ಲ ಇದ್ದವಳಿಗೆ ಎದುರಾಳಿ ತಂಡಗಳಲ್ಲಿ ಶತ್ರುಗಳಿರಲಿಲ್ಲ. ನನ್ನ ಶತ್ರು ನನ್ನದೇ ಬಣ್ಣದ ಅಂಗಿ ಹಾಕಿಕೊಂಡು, ನನ್ನ ಎಡಗಡೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ನಿಂತಿರುತ್ತಿದ್ದಳು. ಶೆಲ್ಬಿ ಮ್ಯಾಬ್ರಿ. ನಮ್ಮ ಸೆಂಟರ್ ಫೀಲ್ಡರ್. ಒಕ್ಲಹೋಮಾದ ಗಡಿಯ ನದಿಯಾಚೆಯ ಟೆಕ್ಸಸ್‌ನವಳು. ಟೆಕ್ಸಸ್ ಅಂದಮೇಲೆ ಮಿಕ್ಕಿದ್ದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬ್ಯಾಟಿನಿಂದ ದೂರ, ಹುಲ್ಲಿನ ಮೇಲೆ ನಾವು ಮೂವರು ನಿಲ್ಲುತ್ತೇವೆ. ಬ್ಯಾಟ್ ಹಿಡಿದವಳ ಕಣ್ಣಿಗೆ ಎಡಕ್ಕೊಬ್ಬಳು, ಬಲಕ್ಕೊಬ್ಬಳು, ನಡುವೆ ಒಬ್ಬಳು. ನಡುವಿನವಳು ರಾಣಿ. ಇಬ್ಬರ ಮಧ್ಯೆ ಚೆಂಡು ಮೇಲೇರಿದರೆ ಯಾರು ‘ನಂದು’ ಎಂದು ಕೂಗುತ್ತಾಳೋ ಚೆಂಡು ಅವಳದು. ಇಬ್ಬರೂ ಕೂಗಿದರೆ ನಡುವಿನವಳದು. ಪಕ್ಕದವಳು ಬಾಯಿ ಮುಚ್ಚಿಕೊಂಡು ಅವಳ ಬೆನ್ನ ಹಿಂದಕ್ಕೆ ಓಡಬೇಕು, ಚೆಂಡು ಅವಳ ಕೈತಪ್ಪಿದರೆ ಬೇಲಿ ಮುಟ್ಟುವ ಮೊದಲು ತಡೆಯಲಿಕ್ಕೆ. ಕೈತಪ್ಪದಿದ್ದರೆ ಓಡಿದ್ದು ದಂಡ. ಯಾರೂ ನೋಡುವುದಿಲ್ಲ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನಾಯಿ ಕೂಡ ಅಷ್ಟು ಓಡಿದರೆ ಒಂದು ಬಿಸ್ಕತ್ತಾದರೂ ಸಿಗುತ್ತದೆ.

ನಾವಿಬ್ಬರೂ ಕಾಲೇಜಿನಲ್ಲಿ ಸೆಂಟರ್ ಆಡಿದವರು. ಇಬ್ಬರೂ ಒಂದೇ ವಸಂತದಲ್ಲಿ ಹಾರ್ನೆಟ್ಸ್‌ಗೆ ಬಂದೆವು. ಕೋಚ್ ಟ್ರೂಡಿ ಓಡಮ್ ನಮ್ಮಿಬ್ಬರನ್ನೂ ಹುಲ್ಲಿನ ಮೇಲೆ ನಿಲ್ಲಿಸಿ ಒಂದೊಂದೇ ಚೆಂಡನ್ನು ಆಕಾಶಕ್ಕೆ ಬಾರಿಸಿದರು. ನಾನು ಮ್ಯಾಬ್ರಿಗಿಂತ ಮೊದಲು ಚೆಂಡಿನ ಕೆಳಗಿರುತ್ತಿದ್ದೆ. ಆದರೆ ಅವಳು, ಚೆಂಡು ಬ್ಯಾಟನ್ನು ಬಿಡುವ ಮೊದಲೇ, ಪಕ್ಕದ ಜಿಲ್ಲೆಯ ಹಸುಗಳು ಹಾಲು ಬತ್ತಿಸಿಕೊಳ್ಳುವ ಹಾಗೆ ‘ನಂದೂ!’ ಎಂದು ಕಿರುಚುತ್ತಿದ್ದಳು.

“ಆ ಗಂಟಲು ನನಗೆ ನಡುವೆ ಬೇಕು,” ಅಂದರು ಕೋಚ್. “ಹಬ್ಬರ್ಡ್, ನೀನು ಎಡಕ್ಕೆ ಹೋಗು.”

“ಕೋಚ್, ಚೆಂಡು ಹಿಡಿದವಳು ನಾನು.”

“ನೋಡ್ದೆ. ಬಾಯಿ ಬಿಡದೆ ಹಿಡ್ದೆ. ಹಾಗೆ ಮಾಡಿದ್ರೆ ಒಂದಿನ ಇಬ್ರೂ ಡಿಕ್ಕಿ ಹೊಡ್ಕೊಂಡು ಸಾಯ್ತೀರ.”

ಮ್ಯಾಬ್ರಿ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ನನ್ನ ಶೂ ಮೇಲೆ ಉಗಿದು, “ಟೆಕ್ಸಸ್‌ನಲ್ಲಿ ನಾವು ಕೂಗೋದನ್ನ ನಡೆಯೋದಕ್ಕೂ ಮೊದಲು ಕಲೀತೀವಿ ಕಣೇ. ನಿಮ್ಮ ಕಡೆ ಏನು, ಮಾತು ಕಲಿಯೋಕೇ ಮದುವೆ ಆಗಬೇಕಾ?” ಅಂದಳು.

“ನಿಮ್ಮ ಕಡೆ ಕೂಗ್ತಾರಲ್ಲ, ಅದಕ್ಕೇ ನಾವು ನದಿ ಈಚೆ ಇದ್ದೀವಿ,” ಅಂದೆ.

ನಾವಿಬ್ಬರು ಸಲೀಸಾಗಿ ಆಡಿದ ಕೊನೆಯ ಮಾತು ಅದೇ. ಆವತ್ತಿನಿಂದ, ಬೇಸಿಗೆಯ ಮೇಲೆ ಬೇಸಿಗೆ, ಅವಳು ನನ್ನೊಡನೆ ಆಡಿದ್ದು ಒಂದೇ ಪದ: ‘ನಂದು’. ನಾನು ಅವಳೊಡನೆ ಆಡಿದ್ದು ಅಷ್ಟೂ ಇಲ್ಲ. ಓಡಿದೆ. ಬೆನ್ನ ಹಿಂದೆ, ಬಾಯಿ ಮುಚ್ಚಿಕೊಂಡು.

ಇನ್ನು ಇದನ್ನು ಕೇಳಿ. ಆಟಗಾರ್ತಿಯರಿಗೆ ಬೇಸಿಗೆ ಪೂರ್ತಿ ಊರಿನವರ ಮನೆಗಳಲ್ಲಿ ಬಿಡಾರ. ನಮ್ಮಿಬ್ಬರಿಗೂ ಒಂದೇ ಮನೆ. ತಂಡದಲ್ಲಿ ಯಾರಿಗೋ ನಮ್ಮ ಮೇಲೆ ಹಗೆಯಿತ್ತು. ಮನೆಯಾಕೆ ಬರ್ಡಿಯಮ್ಮ, ವಿಧವೆ. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಒಂದು ಬಸ್ಸು ತುಂಬ ಮಕ್ಕಳನ್ನು ಬರೀ ಕನ್ನಡಿಯಲ್ಲಿ ನೋಡಿಯೇ ಸುಮ್ಮನಾಗಿಸಿದವರು. ನಮ್ಮ ಮುಂದೆ ಮಾತ್ರ ಅವರ ಆಟ ನಡೆಯಲಿಲ್ಲ.

“ಬರ್ಡಿಯಮ್ಮ,” ನಾನು ಊಟದ ಮೇಜಿನಲ್ಲಿ ಹೇಳುತ್ತಿದ್ದೆ, “ಆ ಕಡೆ ಕೂತಿರೋ ಪ್ರಾಣಿಗೆ ಬೆಂಡೆಕಾಯಿ ಈ ಕಡೆ ದಾಟಿಸೋಕೆ ಹೇಳಿ.”

“ಬರ್ಡಿಯಮ್ಮ,” ಮ್ಯಾಬ್ರಿ ಹೇಳುತ್ತಿದ್ದಳು, “ಬೆಂಡೆಕಾಯಿ ತಿಂದ್ರೆ ಕಾಲು ಚುರುಕಾಗಲ್ಲ, ಅದನ್ನ ಅವಳಿಗೆ ತಿಳಿಸಿ.”

“ನಾನೇನು ಅಂಚೆ ಕಚೇರಿನಾ?” ಬರ್ಡಿಯಮ್ಮ ಹುರಿದ ಬೆಂಡೆಕಾಯಿಯ ಬಟ್ಟಲನ್ನು ತಮ್ಮ ಮುಂದೆಯೇ ಎಳೆದುಕೊಂಡು ಒಬ್ಬರೇ ತಿಂದು ಮುಗಿಸುತ್ತಿದ್ದರು. ಆ ಬೇಸಿಗೆಗಳಲ್ಲಿ ನಾವಿಬ್ಬರೂ ಸೊರಗಿದೆವು, ಅವರು ಬಾಗಿಲು ಅಗಲ ಮಾಡಿಸಿದರು.

ಎದುರಾಳಿಗಳಿಗೂ ನಮ್ಮ ಜಗಳ ಗೊತ್ತಿತ್ತು. ಈ ಆಟದಲ್ಲಿ ಆಡದೆ ಕೂತವರ ಕೆಲಸವೇ ಹಾಡು ಕಟ್ಟಿ ಹೀಯಾಳಿಸುವುದು. ಕಾನ್ಸಸ್‌ನ ತಂಡದವರು ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ, ಕಾಲು ಕುಟ್ಟಿ ಹಾಡುತ್ತಿದ್ದರು:

*ಲೇಸಿ ಲೇಸಿ ಲೇಟು ಲೇಸಿ,*
*ಬಾಲು ಹೋಯ್ತು ಗಾಳಿ ಬೀಸಿ!*
*ಪಕ್ಕದ ಅಕ್ಕ ಕೂಗ್ತಾಳೆ,*
*ಲೇಸಿ ಬಾಲ ಆಡಿಸ್ತಾಳೆ!*

ಕೊನೆಯ ಸಾಲಿಗೆ ನಡುವೆ ನಿಂತ ಮ್ಯಾಬ್ರಿಯ ಭುಜ ನಗುವಿನಿಂದ ಅಲುಗಾಡುವುದು ನನಗೆ ಕಾಣುತ್ತಿತ್ತು. ಮುಂದಿನ ಚೆಂಡು ನನ್ನ ಕಡೆ ಬಂದಾಗ ನಾನದನ್ನು ಎಸೆದದ್ದು ಹೋಮ್ ಪ್ಲೇಟಿಗಲ್ಲ, ನೇರ ಅವರು ಕೂತ ಕಡೆಯ ಬೇಲಿಗೆ. ತಂತಿಯಲ್ಲಿ ಚೆಂಡು ಸಿಕ್ಕಿಕೊಂಡು ಮೂರು ಆಟ ಅಲ್ಲೇ ಇತ್ತು. ಕೋಚ್ ನನ್ನನ್ನು ಕೂರಿಸಿದರು. ಪರವಾಗಿಲ್ಲ, ಆವತ್ತಿಗೆ ಹಾಡು ನಿಂತಿತು.

ನನಗೆ ಬೇಕಾಗಿದ್ದದ್ದು ಒಂದೇ. ಆ ನಡುವಿನ ಜಾಗ. ನನ್ನನ್ನು ಹುಟ್ಟಿಸಿದ್ದೇ ಅದಕ್ಕೆ ಎಂದು ನಂಬಿದ್ದೆ, ಇವತ್ತಿಗೂ ನಂಬುತ್ತೇನೆ. ಎಡಗಡೆ ನಿಂತ ಪ್ರತಿ ದಿನವೂ ನನ್ನದೇ ಮನೆಯ ಜಗುಲಿಯ ಮೇಲೆ ಮಲಗಿದ ಹಾಗಿತ್ತು.

ಹಾಗಿರುವಾಗ ಒಂದು ವರ್ಷ, ಜೂನ್ ತಿಂಗಳಲ್ಲಿ, ಮ್ಯಾಬ್ರಿಯ ಬಲಗಾಲು ಕೈಕೊಟ್ಟಿತು.

ಯಾರಿಗೂ ಗೊತ್ತಾಗಲಿಲ್ಲ. ಗ್ಯಾಲರಿಯವರಿಗೆ ಹೇಗೆ ಗೊತ್ತಾಗಬೇಕು? ಅವರು ಚೆಂಡನ್ನು ನೋಡುತ್ತಾರೆ. ನಾನು ಮಾತ್ರ ವರ್ಷಗಟ್ಟಲೆ ಅವಳ ಬೆನ್ನನ್ನೇ ನೋಡಿದವಳು. ಅವಳ ಗಂಡನಾಗುವವನೂ ಆ ಬೆನ್ನನ್ನು ಅಷ್ಟು ನೋಡಲಾರ. ನನ್ನ ಕಡೆಗೆ ಬರುವ ಚೆಂಡಿಗೆ ಅವಳು ಮೊದಲ ಹೆಜ್ಜೆಯನ್ನು ಕುಂಟಿಕೊಂಡು ಹಾಕುತ್ತಿದ್ದಳು. ಆ ಕುಂಟನ್ನು ಮುಚ್ಚಲು ಇನ್ನೂ ಬೇಗ, ಇನ್ನೂ ಜೋರಾಗಿ ಕೂಗುತ್ತಿದ್ದಳು. ‘ನಂದು’ ಅಂತ ಕೂಗಿ, ತಲುಪಲಾರದೆ, ಕೈ ಚಾಚುವಷ್ಟರಲ್ಲಿ ಚೆಂಡು ಹುಲ್ಲು ಮುಟ್ಟಿ ಪುಟಿಯುತ್ತಿತ್ತು. ಅಲ್ಲಿ ನಾನಿರುತ್ತಿದ್ದೆ. ಎತ್ತಿ ಎಸೆಯುತ್ತಿದ್ದೆ. ಓಡಿಬರುತ್ತಿದ್ದ ಎದುರಾಳಿ ನಡುದಾರಿಯ ಬೇಸ್‌ಗೇ ಅಂಟಿಕೊಳ್ಳುತ್ತಿದ್ದಳು, ಅನಾಹುತ ತಪ್ಪುತ್ತಿತ್ತು, ಜನ “ಒಳ್ಳೆ ಪ್ರಯತ್ನ ಮ್ಯಾಬ್ರಿ!” ಎಂದು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯಲ್ಲಿ ಇಡೀ ಊರಿಗೆ ಮಾಂಸ ಸುಡಬಹುದಿತ್ತು.

ಆಮೇಲೆ ಒಂದು ದಿನ ತಲೆಗೆ ಹೊಳೆಯಿತು. ನಾನು ಓಡದಿದ್ದರೆ?

ಅಷ್ಟೇ ಸಾಕಲ್ಲ. ಒಂದೇ ಒಂದು ಸಲ ನಾನು ಅವಳ ಹಿಂದೆ ಓಡದಿದ್ದರೆ ಚೆಂಡು ಬೇಲಿಯವರೆಗೆ ಉರುಳುತ್ತದೆ, ಇಡೀ ಮೈದಾನ ಅವಳ ಕುಂಟು ನೋಡುತ್ತದೆ, ನಡುವಿನ ಜಾಗ ನನ್ನದಾಗುತ್ತದೆ. ನಿಯಮ ಮುರಿಯಬೇಕಾಗಿಲ್ಲ. ಸುಮ್ಮನೆ ನಿಂತರೆ ಆಯಿತು.

ನನ್ನದು ಬೆನ್ನಿಗೆ ಚೂರಿ ಹಾಕುವ ಜಾತಿಯಲ್ಲ. ಎದುರಿಗೇ ಹಾಕುತ್ತೇನೆ. ಫೈನಲ್‌ನ ಹಿಂದಿನ ದಿನ ಬೆಳಗ್ಗೆ, ಬರ್ಡಿಯಮ್ಮ ಒಲೆಯ ಮುಂದೆ ಗ್ರೇವಿ ಕಲಕುತ್ತಿದ್ದಾಗ, ಮೌನ ಮುರಿದೆ.

“ನಿನ್ನ ಮಂಡಿ ಹೋಗಿದೆ.”

ಬರ್ಡಿಯಮ್ಮನ ಸೌಟು ನಿಂತಿತು. ಮ್ಯಾಬ್ರಿ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ.

“ಬರ್ಡಿಯಮ್ಮ, ಮೇಜು ಮಾತಾಡ್ತಿದೆ,” ಅಂದಳು.

“ನನ್ನ ಕಡೆ ನೋಡೇ. ಜೂನ್‌ನಿಂದ ನಿನ್ನ ಎಂಜಲು ಬಳೀತಾ ಇದ್ದೀನಿ. ಕೋಚ್‌ಗೆ ನೀನು ಹೇಳ್ತೀಯೋ, ನಾನು ಹೇಳಲೋ?”

ಆಗ ನೋಡಿದಳು. ಟೆಕ್ಸಸ್‌ನ ಕಣ್ಣು. ಮಳೆಯಿಲ್ಲ, ಮೋಡವಿಲ್ಲ.

“ಹೇಳು ಹೋಗು. ಜಾಗಕ್ಕೆ ಜೊಲ್ಲು ಸುರಿಸ್ಕೊಂಡು ಚಾಡಿ ಹೇಳೋಕೆ ಬಂದ್ಲು ಅಂತಾರೆ. ನನ್ನ ಕೈತಪ್ಪಿ ಎಷ್ಟು ಚೆಂಡು ಬಿದ್ದಿದೆ? ಒಂದಾದ್ರೂ ಬೇಲಿವರೆಗೆ ಹೋಗಿದೆಯಾ?”

“ನಾನು ಇದ್ದೆ ಅಂತ ಹೋಗಿಲ್ಲ.”

“ಅದನ್ನ ಯಾರು ನೋಡಿದ್ದಾರೆ?”

“ನಾಳೆ ನೋಡ್ತಾರೆ. ನಾಳೆ ನೀನು ಕೂಗು. ನಾನು ಓಡಲ್ಲ. ಎಡಗಡೆ ಕಂಬದ ಹಾಗೆ ನಿಂತಿರ್ತೀನಿ. ಚೆಂಡು ಕಾನ್ಸಸ್‌ವರೆಗೆ ಉರುಳಲಿ.”

ಮ್ಯಾಬ್ರಿ ನಕ್ಕಳು. ಆ ನಗೆಯನ್ನು ನಾನಿನ್ನೂ ಮರೆತಿಲ್ಲ, ಮರೆಯುವುದೂ ಇಲ್ಲ.

“ಓಡ್ತೀಯ,” ಅಂದಳು. “ನಾನು ಕೂಗಿದ ತಕ್ಷಣ ಓಡ್ತೀಯ. ನಿಂಗೆ ಅದೊಂದೇ ಗೊತ್ತಿರೋದು. ನೀನು ಓಡದೆ ನಿಂತ ದಿನ ನಾನು ಒಕ್ಲಹೋಮಾದ ಧ್ವಜ ಹೊದ್ದು ಮಲಗ್ತೀನಿ.”

“ಹುಡುಗೀರೇ,” ಬರ್ಡಿಯಮ್ಮ ಹೇಳಿದರು, “ಮೊದಲ ಸಲ ಮಾತಾಡಿದ್ರಿ. ದಯವಿಟ್ಟು ಮತ್ತೆ ಸುಮ್ಮನಾಗಿ.”

ಫೈನಲ್ ದಿನ ದಕ್ಷಿಣದ ಗಾಳಿ ಹೇಗೆ ಬೀಸುತ್ತಿತ್ತೆಂದರೆ, ಪಾಪ್‌ಕಾರ್ನ್ ಕೊಂಡವರಿಗೆ ಖಾಲಿ ಪೊಟ್ಟಣ, ಪಕ್ಕದ ಊರಿನವರಿಗೆ ಪುಕ್ಕಟೆ ತಿಂಡಿ. ಅಂಪೈರನ ಟೋಪಿ ಎರಡನೆಯ ಇನ್ನಿಂಗ್ಸ್‌ನಲ್ಲಿ ಹೊರಟು, ಸೋಮವಾರ ಮಿಸೌರಿಯಿಂದ ಅಂಚೆಯಲ್ಲಿ ವಾಪಸ್ಸು ಬಂತು. ಕಾನ್ಸಸ್‌ನವರು ಬಾಲ ಆಡಿಸುವ ಹಾಡನ್ನು ಹೊಸ ಸಾಲು ಸೇರಿಸಿ ತಂದಿದ್ದರು. ಬರೆಯಲಾರೆ, ಚರ್ಚಿಗೆ ಹೋಗುವವರೂ ಇದನ್ನು ಓದುತ್ತಾರೆ.

ಕೊನೆಯ ಇನ್ನಿಂಗ್ಸ್. ನಾವು ಒಂದು ರನ್ ಮುಂದೆ. ಅವರ ಇಬ್ಬರು ಔಟ್ ಆಗಿದ್ದರು, ಮೂರನೆಯವಳು ಔಟಾದರೆ ಆಟ ಮುಗಿಯಿತು; ಇನ್ನಿಬ್ಬರು ಎರಡನೆಯ ಮತ್ತು ಮೂರನೆಯ ಬೇಸ್‌ನಲ್ಲಿ ನಿಂತು ಮಣ್ಣು ಕೆರೆಯುತ್ತಿದ್ದರು. ಒಂದು ಚೆಂಡು ಹುಲ್ಲಿಗೆ ಬಿದ್ದರೆ ಇಬ್ಬರೂ ಹೋಮ್ ಪ್ಲೇಟ್ ಸೇರಿ ಎರಡು ರನ್ ಮಾಡುತ್ತಾರೆ, ನಮ್ಮ ಬೇಸಿಗೆ ಮುಗಿಯುತ್ತದೆ. ಬೀಳದಿದ್ದರೆ ಕಪ್ ನಮ್ಮದು.

ಬ್ಯಾಟಿನ ಸದ್ದಿನಲ್ಲೇ ಗೊತ್ತಾಯಿತು. ಹಳದಿ ಚೆಂಡು ಏರಿತು, ಗಾಳಿ ಅದನ್ನು ಹಿಡಿದು ಅಲ್ಲಾಡಿಸಿತು, ನಮ್ಮಿಬ್ಬರ ಸರಿಯಾಗಿ ನಡುವೆ ತಂದಿತು.

“ನಂದೂ!”

ನಾನು ನಿಂತೆ. ದೇವರಾಣೆಗೂ ನಿಂತೆ. ಮನಸ್ಸಿನಲ್ಲಿ ಕಂಬವಾದೆ, ಕಂಬಕ್ಕೆ ಬೇರು ಬಿಟ್ಟೆ. ಮ್ಯಾಬ್ರಿ ಮೊದಲ ಹೆಜ್ಜೆ ಕುಂಟಿದಳು, ಎರಡನೆಯದನ್ನೂ ಕುಂಟಿದಳು. ತಲುಪಲಾರಳು ಎಂದು ನನಗೆ ಖಾತ್ರಿಯಾಯಿತು. ಬೀಳು, ಬೀಳು ಎಂದು ನಾನು ಚೆಂಡಿಗೆ ಹೇಳುತ್ತಿರುವಾಗ ನನ್ನ ಕಿವಿಗೆ ಗಾಳಿ ಬಡಿಯುತ್ತಿತ್ತು. ಅಂಥ ದಿನದಲ್ಲೂ ನಿಂತವಳ ಕಿವಿಗೆ ಹಾಗೆ ಗಾಳಿ ಬಡಿಯುವುದಿಲ್ಲ. ಕೆಳಗೆ ನೋಡಿದರೆ ನನ್ನ ಎರಡೂ ಕಾಲು, ಯಜಮಾನಿಯನ್ನು ಒಂದು ಮಾತೂ ಕೇಳದೆ, ಓಡುತ್ತಿವೆ. ಅವಳ ಬೆನ್ನ ಹಿಂದಕ್ಕೆ. ನಾಯಿಯ ಹಾಗೆ.

ಮ್ಯಾಬ್ರಿ ಹಾರಿದಳು. ಮಂಡಿ ಮಡಚಿಕೊಂಡಿತು. ಅವಳ ಗ್ಲೌಸಿನ ತುದಿಗೆ ಚೆಂಡು ಬಡಿದು ಪಕ್ಕಕ್ಕೆ ಚಿಮ್ಮಿತು, ಕೆಳಗಿಳಿಯಿತು, ಹುಲ್ಲಿನ ತುದಿಗೆ ಮುತ್ತು ಕೊಡುವಷ್ಟು ಇಳಿಯಿತು. ನಾನು ಅವಳ ಮೇಲಿಂದ ಹಾರಿದೆ. ಎಷ್ಟು ಎತ್ತರ ಹಾರಿದೆನೆಂದರೆ ಇಳಿಯುವಾಗ ಯೋಚಿಸಲು ಸಮಯವಿತ್ತು. ಬಿಡಬಹುದು, ಈಗಲೂ ಬಿಡಬಹುದು, ಎಂದು ಯೋಚಿಸಿದೆ. ಅಷ್ಟರಲ್ಲಿ ಚೆಂಡು ನನ್ನ ಗ್ಲೌಸಿನಲ್ಲಿತ್ತು.

ಔಟ್. ಕಪ್ ನಮ್ಮದು. ಜನ ಬೇಲಿ ಹತ್ತಿದರು. ನಾನು ಕೈ ಮೇಲೆತ್ತಿ ನಿಂತೆ. ಇಡೀ ಮೈದಾನ ಒಂದೇ ದನಿಯಲ್ಲಿ ಕೂಗಿತು: “ಮ್ಯಾಬ್ರಿ! ಮ್ಯಾಬ್ರಿ!” ಬೇಕೆಂದೇ ಚೆಂಡನ್ನು ನನ್ನ ಕಡೆ ತಟ್ಟಿದಳಂತೆ. ಏನು ಜಾಣತನವಂತೆ. ಧ್ವನಿವರ್ಧಕದವನು ಹಾಗೆಂದು ಊರಿಗೆಲ್ಲ ಸಾರುತ್ತಿದ್ದ.

ನನ್ನ ಕಾಲ ಬುಡದಲ್ಲಿ, ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಬಿದ್ದಿದ್ದ ಪ್ರಾಣಿ ತಲೆಯೆತ್ತಿತು.

“ನಂದು ಅಂದೆನಲ್ಲ,” ಅಂದಳು. “ಕಿವಿ ಕೇಳಿಸಲ್ವೇನೇ?”

ನೇರ ಕೋಚ್ ಹತ್ತಿರ ಹೋದೆ. ಅವರ ತಲೆಯಿಂದ ಗೆದ್ದ ಖುಷಿಗೆ ಯಾರೋ ಸುರಿದ ಶರಬತ್ತು ಇನ್ನೂ ತೊಟ್ಟಿಕ್ಕುತ್ತಿತ್ತು.

“ಕೋಚ್, ಅವಳ ಮಂಡಿ ಹೋಗಿದೆ. ಮುಂದಿನ ವರ್ಷ ಸೆಂಟರ್ ನನಗೆ ಕೊಡಿ.”

“ಮಂಡಿ ಹೋಗಿರೋದು ಜೂನ್‌ನಿಂದ ಗೊತ್ತು ಕಣಮ್ಮ.”

“ಗೊತ್ತಾ? ಗೊತ್ತಿದ್ದೂ ಅವಳನ್ನ ಅಲ್ಲೇ...”

“ಗಂಟಲಿಗೇನೂ ಆಗಿಲ್ವಲ್ಲ.” ಕೋಚ್ ಮುಖ ಒರೆಸಿಕೊಂಡರು. “ನೀನು ಹಿಂದೆ ಇರೋತನಕ ಅವಳಿಗೆ ಒಂದು ಕಾಲು ಸಾಕು. ನಿನ್ನನ್ನ ನಡುವೆ ಹಾಕಿದ್ರೆ ನಿನ್ನ ಹಿಂದೆ ಓಡೋರು ಯಾರು? ನಿನ್ನಂಥವಳು ಇನ್ನೊಬ್ಬಳು ನನ್ನ ಹತ್ರ ಇಲ್ಲ. ನಡೀ, ಫೋಟೋಗೆ ನಿಲ್ಲು.”

ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಯಾರೂ ಕೊಟ್ಟಿಲ್ಲ. ಇದಕ್ಕಿಂತ ದೊಡ್ಡ ಬೈಗುಳವನ್ನೂ ಕೊಟ್ಟಿಲ್ಲ. ಆ ಫೋಟೋದಲ್ಲಿ ನನ್ನ ಮುಖ ನೋಡಿದ ಮಕ್ಕಳು ಈಗಲೂ ಅಳುತ್ತಾರೆ.

ಅಂದು ಸಂಜೆ ಬರ್ಡಿಯಮ್ಮನ ಮನೆಯಲ್ಲಿ ನಾನು ಬಟ್ಟೆ ತುಂಬುತ್ತಿದ್ದೆ. ಮ್ಯಾಬ್ರಿ ಮಂಡಿಗೆ ಐಸು ಕಟ್ಟಿಕೊಂಡು ಅಡುಗೆಮನೆಯಲ್ಲಿ ಕೂತಿದ್ದಳು. ಕೋಚ್ ಆಡಿದ ಮಾತು ಅವಳ ಕಿವಿಗೂ ಬಿದ್ದಿತ್ತು. ನಮ್ಮ ತಂಡದಲ್ಲಿ ಸುದ್ದಿಗೆ ಮಂಡಿ ನೋವಿಲ್ಲ.

“ಹೊದ್ದು ಮಲಗೋಕೆ ಧ್ವಜ ಎಲ್ಲಿಂದ ತರಿಸ್ಲಿ?” ಅಂದೆ ಬಾಗಿಲಲ್ಲಿ ನಿಂತು.

“ನೀನು ಓಡಿದೆಯಲ್ಲ. ಬಾಜಿ ಗೆದ್ದಿದ್ದು ನಾನು.” ಐಸನ್ನು ಮಂಡಿಗೆ ಒತ್ತಿಕೊಂಡಳು. “ಯಾಕೆ ಓಡಿದೆ?”

“ನಾನು ಓಡಲಿಲ್ಲ. ಕಾಲು ಓಡಿತು.”

“ಮಾಡಬಾರದಿತ್ತು ಕಣೇ ನೀನು.” ಅವಳ ದನಿಯಲ್ಲಿ ಈಗ ತಮಾಷೆಯಿರಲಿಲ್ಲ, ಬರೀ ಸಿಟ್ಟಿತ್ತು. “ಒಂದು ಕಾಲಿನವಳು, ಪಕ್ಕದವಳ ದಯದಲ್ಲಿ ಆಡ್ತಾಳೆ ಅಂತ ಕೋಚ್ ಬಾಯಲ್ಲಿ ಬಂತು. ಅದೂ ನಿನ್ನ ದಯ. ನಿನ್ನ ಹಂಗಿನಲ್ಲಿ ಸೆಂಟರ್ ಆಡೋದಕ್ಕಿಂತ ಊರಿಗೆ ಹೋಗಿ ಹಸು ತೊಳೀತೀನಿ.”

“ತೊಳಿ. ಹಸುಗೂ ‘ನಂದು ನಂದು’ ಅಂತ ಕೂಗ್ಬೇಡ, ಹೆದರ್ತವೆ.”

ಅವಳು ಐಸಿನ ಚೀಲ ಎಸೆದಳು. ನಾನು ಹಿಡಿದೆ. ಎಸೆದದ್ದನ್ನೆಲ್ಲ ಹಿಡಿಯುವವಳಲ್ಲವೇ.

ಚಳಿಗಾಲ ಪೂರ್ತಿ ಟೈರ್ ಬಿಚ್ಚುತ್ತಾ ಶಪಿಸಿದೆ. ಅವಳು ಮಂಡಿ ಕೊಯ್ಯಿಸಿಕೊಂಡಳೆಂದು ಕೇಳಿದೆ. ಮುಗಿಯಿತು ಅಂದರು, ಆಡುತ್ತಾಳೆ ಅಂದರು, ಕುದುರೆಗಳಿಗೆ ಕೂಗುವ ಕೆಲಸ ಸಿಕ್ಕಿದೆ ಅಂದರು. ಕೊನೆಯದನ್ನು ಹಬ್ಬಿಸಿದವಳು ನಾನೇ. ಅವಳು ಬಾರದಿದ್ದರೆ ನಡುವಿನ ಜಾಗ ಖಾಲಿ. ಖುಷಿಯಾಗಬೇಕಿತ್ತು. ಆಗಿತ್ತು ಕೂಡ, ಬಹಳ ಖುಷಿಯಾಗಿತ್ತು, ನಿದ್ದೆ ಬರದಷ್ಟು.

ವಸಂತದ ಮೊದಲ ಅಭ್ಯಾಸಕ್ಕೆ ಅವಳು ಬಂದಳು. ಮಂಡಿಗೆ ಕಪ್ಪು ಪಟ್ಟಿ, ಬಾಯಲ್ಲಿ ಬೀಜ. ಕೋಚ್ ಎಲ್ಲರನ್ನೂ ಅವರವರ ಜಾಗಕ್ಕೆ ಕಳಿಸಿದರು. ನಾನು ಎಡಕ್ಕೆ ಹೋಗಿ, ಬೇಸಿಗೆಗಳಿಂದ ನನ್ನ ಶೂ ಸವೆಸಿದ ಬೋಳು ನೆಲದ ಮೇಲೆ ನಿಂತೆ. ಮ್ಯಾಬ್ರಿ ನಡುವಿಗೆ ಹೋಗಲಿಲ್ಲ. ಹುಲ್ಲು ದಾಟಿ ನೇರ ನನ್ನ ಕಡೆಗೇ ನಡೆದು ಬಂದಳು. ಹೊಡೆಯಲು ಬರುತ್ತಿದ್ದಾಳೆ ಎಂದು ಮುಷ್ಟಿ ಬಿಗಿದೆ.

ಬಂದವಳು ನನ್ನ ಶೂ ಮೇಲೆ ಸಿಪ್ಪೆ ಉಗಿದಳು.

“ಆಚೆ ಹೋಗು,” ಅಂದಳು. “ಇದು ನನ್ನ ಜಾಗ.”

“ಏನೇ?”

“ನಿನ್ನ ಜಾಗ ಆ ಕಡೆ, ನಡುವೆ. ಹೋಗೇ. ನೀನು ಅಲ್ಲಿ ನಿಂತು ಮಣ್ಣು ತಿನ್ನೋದನ್ನ ನಾನು ಹಿಂದಿನಿಂದ ನೋಡ್ಬೇಕು.”

ದೂರದಿಂದ ಕೋಚ್ ಕೂಗುತ್ತಿದ್ದರು: “ಮ್ಯಾಬ್ರಿ! ಅಲ್ಲೇನು ಮಾಡ್ತಿದ್ದೀಯ?” ಇಡೀ ಜಿಲ್ಲೆಗೆ ಕೇಳಿಸುವಂತೆ ಕೂಗಬಲ್ಲವಳು ಆವತ್ತು ಕಿವುಡಿಯಾದಳು. ಕಾಲಿನಿಂದ ನನ್ನ ಬೋಳು ನೆಲವನ್ನು ಕೆದಕಿ ತನಗೆ ಬೇಕಾದ ಹಾಗೆ ಸರಿಮಾಡಿಕೊಳ್ಳತೊಡಗಿದಳು.

ನಾನು ನಡುವಿಗೆ ನಡೆದೆ. ಅಲ್ಲಿಂದ ಮೈದಾನ ಎಷ್ಟು ದೊಡ್ಡದಾಗಿ ಕಂಡಿತೆಂದರೆ, ನಡುವೆ ಎರಡು ಮೂರು ಊರು ಕಟ್ಟಬಹುದಿತ್ತು. ಕೋಚ್ ಕೈಚೆಲ್ಲಿ, ಏನೋ ಗೊಣಗಿ, ಸಿಟ್ಟಿನಲ್ಲೇ ಒಂದು ಚೆಂಡನ್ನು ಆಕಾಶಕ್ಕೆ ಬಾರಿಸಿದರು. ಏರಿತು. ನನ್ನ ಮತ್ತು ಮ್ಯಾಬ್ರಿಯ ನಡುವೆ. ಓಡಿದೆ. ಚೆಂಡಿನ ಕೆಳಗೆ ಮೊದಲು ಹೋಗಿ ನಿಂತೆ, ಎಂದಿನಂತೆ. ಬಾಯಿ ತೆರೆದೆ. ಇಷ್ಟು ವರ್ಷ ಅದಕ್ಕಾಗಿಯೇ ಹಲ್ಲು ಕಚ್ಚಿದ್ದ ಪದ, ಬೇಕಾದಾಗ ಗಂಟಲಲ್ಲೇ ಕೂತುಬಿಟ್ಟಿತು.

ನನ್ನ ಬೆನ್ನ ಹಿಂದೆ ಹೆಜ್ಜೆ ಸದ್ದು. ಒಂದು ಗಟ್ಟಿ, ಒಂದು ಮೆದು, ಒಂದು ಗಟ್ಟಿ, ಒಂದು ಮೆದು.

“ಕೂಗೇ ಕತ್ತೆ!” ಎಂದು ಕಿರುಚಿದಳು ಮ್ಯಾಬ್ರಿ.

ಕೂಗಿದೆ. ಟೆಕ್ಸಸ್‌ನಲ್ಲಿ ಕಿಟಕಿ ಗಾಜು ಒಡೆದವು ಅಂತ ಹೇಳುತ್ತಾರೆ. ಯಾರ ಮನೆಯದು ಎಂದು ನಾನು ಕೇಳಲಿಲ್ಲ, ಅವಳ ಮನೆಯದೂ ಇರಲಿ ಎಂದುಕೊಂಡೆ.